ಪೆಟೂನಿಯಾ ದೊಡ್ಡಮ್ಮ ಫಿಯೋನಾ ಶಾ ಇಷ್ಟು ವರ್ಷ ಎಲ್ಲಿದ್ರು?

ಗುಬ್ಬಿಗೂಡು:
ಸ್ಟಾರ್ ವಾರ್ಸ್ ಸೀರೀಸು ಆಂಡೋರ್ ಮೊದಲ್ನೇ ಸೀಸನ್ ಲೇಟಾಗಿ ನೋಡಿ ಮುಗಿಸ್ದೆ. ಕೊನೇ ಎಪಿಸೋಡಲ್ಲಿ ಮಾರ್ವಾ ಸತ್ಮೇಲೆ ಅವಳ ಹೊಲೊಗ್ರಾಮ್ ಊರವರ ಮುಂದೆ ನಿಂತು ಮಾತಾಡತ್ತಲ್ಲ, ಅದನ್ನ ನೋಡಿ ಯಾರಪ್ಪ ಈ ಯಮ್ಮ ಅಂತ ಹುಡುಕಿದ್ರೆ ಹ್ಯಾರಿ ಪಾಟರ್‌ನ ಪೆಟೂನಿಯಾ ದೊಡ್ಡಮ್ಮ! ಫ್ಲೀಬ್ಯಾಗ್ ಸೀರೀಸಲ್ಲಿ ಕೌನ್ಸೆಲರ್ ಆಗಿ ಬರೋರೂ ಇವ್ರೇ, ಕಿಲ್ಲಿಂಗ್ ಈವ್ ಸೀರೀಸಿನ ಕ್ಯಾರೊಲಿನೂ ಇವ್ರೇ. ಇಷ್ಟು ಚೆನ್ನಾಗಿ ಮಾಡೋರಿಗೆ ಅರವತ್ತರ ಹತ್ರ ಬರೋ ತನಕ ಯಾಕೆ ಬರೀ ಸೈಡ್ ರೋಲು? ಮತ್ತೆ ಐರ್ಲೆಂಡಿನೋರು ಅಂತಾರೆ, ಮಾತು ಕೇಳಿದ್ರೆ ಪಕ್ಕಾ ಲಂಡನ್ ಮೇಡಂ ಥರ ಇದೆ?

ರಂಗಹುಚ್ಚ:
ಸೈಡ್ ರೋಲಾ! ಸ್ವಾಮಿ, ಸಿನಿಮಾ ಕಡೆಯಿಂದ ನೋಡ್ತಿದೀರ ಅದಕ್ಕೆ ಹಾಗನ್ಸತ್ತೆ. ನಾಟಕದ ಕಡೆ ಇವ್ರು ಮೂವತ್ತೈದು ದಾಟೋದ್ರೊಳಗೇ ದೊಡ್ಡ ಹೆಸರು. ಹುಟ್ಟಿದ್ದು 1958, ಕಾರ್ಕ್ ಕಡೆಯೋರು, ಅಲ್ಲಿನ ಯೂನಿವರ್ಸಿಟಿ ಕಾಲೇಜಲ್ಲಿ ಫಿಲಾಸಫಿ ಓದಿ ಆಮೇಲೆ ಲಂಡನ್ನಿನ ರಾಡಾ ಅನ್ನೋ ನಾಟಕದ ಶಾಲೆಗೆ ಹೋದೋರು. ಅಲ್ಲಿಂದ ನ್ಯಾಷನಲ್ ಥಿಯೇಟರ್, ರಾಯಲ್ ಶೇಕ್ಸ್‌ಪಿಯರ್ ಕಂಪನಿ. ಡೆಬೊರಾ ವಾರ್ನರ್ ಅಂತ ನಿರ್ದೇಶಕಿ ಇದಾರೆ, ಇವ್ರಿಬ್ರ ಜೋಡಿ ಶುರುವಾಗಿದ್ದು 1988ರ ಎಲೆಕ್ಟ್ರಾ ಅನ್ನೋ ಗ್ರೀಕ್ ನಾಟಕದಲ್ಲಿ. 1990ರಲ್ಲಿ ಬೆಸ್ಟ್ ಆಕ್ಟ್ರೆಸ್ ಒಲಿವಿಯೆ, ಅಂದ್ರೆ ಲಂಡನ್ ನಾಟಕದೋರ ದೊಡ್ಡ ಅವಾರ್ಡು, ಬಂತಲ್ಲ, ಅದು ಒಂದೇ ನಾಟಕಕ್ಕಲ್ಲ, ಎಲೆಕ್ಟ್ರಾ, ಆಸ್ ಯು ಲೈಕ್ ಇಟ್, ಬ್ರೆಕ್ಟ್‌ನ ಸಿಚುವಾನಿನ ಒಳ್ಳೇ ಹೆಂಗಸು, ಮೂರೂ ಸೇರಿಸಿ ಕೊಟ್ರು, ನಾಲ್ಕು ವರ್ಷ ಬಿಟ್ಟು ಮಷಿನಾಲ್ ಅನ್ನೋ ನಾಟಕಕ್ಕೆ ಇನ್ನೊಂದು. 1995ರಲ್ಲಿ ಶೇಕ್ಸ್‌ಪಿಯರ್‌ನ ಎರಡನೇ ರಿಚರ್ಡ್ ರಾಜನ ಪಾತ್ರಾನೇ ಹಾಕಿದ್ರು, ಹೆಂಗಸು ರಾಜ ಆಗೋದಾ ಅಂತ ಅಲ್ಲಿನ ಕೆಲವು ವಿಮರ್ಶಕರಿಗೆ ಹೊಟ್ಟೆನೋವು. ನಾಟಕದ ಕಷ್ಟ ಏನು ಗೊತ್ತಾ, ಆ ರಾತ್ರಿ ಅಲ್ಲಿ ಕೂತೋರಿಗೆ ಬಿಟ್ರೆ ಮಿಕ್ಕೋರಿಗೆ ಸಿಗೋದು ಫೋಟೋ ಮತ್ತೆ ಪೇಪರ್ ಕಟಿಂಗು ಅಷ್ಟೇ, ಹಾಗಾಗಿ ನಮಗೆಲ್ಲ ಇವ್ರು ಪೆಟೂನಿಯಾ ಆಗೇ ಪರಿಚಯ ಆದ್ರು.

ಡಬ್ಲಿನ್ ಕನ್ನಡತಿ:
ಐರ್ಲೆಂಡಿಂದ ಹೋಗಿ ಇಂಗ್ಲೆಂಡಿನವ್ರಾಗ್ಬಿಟ್ರು ಅಂತಲೂ ಅಲ್ಲ ರೀ. ಇಬ್ಸನ್‌ನ ನಾಟಕ ಹೆಡ್ಡಾ ಗ್ಯಾಬ್ಲರ್ 1991ರಲ್ಲಿ ಇಲ್ಲಿ ಡಬ್ಲಿನ್ನಿನ ಆ್ಯಬಿ ಥಿಯೇಟರಲ್ಲೇ ಮಾಡಿದ್ದು. 2000ದಲ್ಲಿ ಮೀಡಿಯಾ ಅನ್ನೋ ಗ್ರೀಕ್ ನಾಟಕಾನೂ ಇಲ್ಲೇ ಶುರುವಾಗಿ ಆಮೇಲೆ ಲಂಡನ್ನು, 2002ರ ಹೊತ್ತಿಗೆ ನ್ಯೂಯಾರ್ಕಿನ ಬ್ರಾಡ್‌ವೇ, ಅಲ್ಲಿನ ನಾಟಕದ ಅವಾರ್ಡು ಟೋನಿಗೆ ನಾಮಿನೇಷನ್ ಬೇರೆ. ನಾಯಕಿ ಮೀಡಿಯಾನ ಇವ್ರು ಮಾಡಿದ್ದು ಪುರಾಣದ ರಾಣಿ ಥರ ಅಲ್ಲ, ಗಂಡ ಬಿಟ್ಟು ಹೋದ ಇವತ್ತಿನ ಹೆಂಗಸಿನ ಥರ, ಸ್ಟೇಜ್ ಮೇಲೆ ನೀರಿನ ಕೊಳ, ಮಕ್ಕಳ ಆಟದ ಸಾಮಾನು. ಆ ಮಕ್ಕಳನ್ನೇ ಅವಳು ಕೊಲ್ಲೋದು ಅಂತ ಕಥೆ ಗೊತ್ತಿದ್ದು ಕೂತೋರಿಗೆ ಆ ಆಟದ ಸಾಮಾನು ನೋಡ್ತಾ ಕೂರೋದು ಹೆಂಗಿರ್ಬೇಡ.
ಅದಕ್ಕಿಂತ ಮುಂಚೆ 1992ರಲ್ಲಿ ಎಲೆಕ್ಟ್ರಾನ ಉತ್ತರ ಐರ್ಲೆಂಡಿನ ಡೆರಿಗೂ ತಗೊಂಡೋಗಿದ್ರು. ಆಗ ಅಲ್ಲಿ ಗಲಾಟೆ, ಕೊಲೆ ನಡೀತಿದ್ದ ಕಾಲ. ಕೊಲೆಗೆ ಕೊಲೆ ಅನ್ನೋ ನಾಟಕ ಅದು, ಮುಗಿದ್ಮೇಲೆ ಜನ ಚಪ್ಪಾಳೆ ತಟ್ಟಿ ಎದ್ದೋಗದೆ ಅಲ್ಲೇ ಕೂತು ಮಾತಾಡಿದ್ರಂತೆ. ಯಾವ ಅವಾರ್ಡಿಗಿಂತ ನನಗೆ ಇದೇ ಜಾಸ್ತಿ ಅನ್ಸತ್ತೆ.

ಗಾಂಧಿಕ್ಲಾಸ್ ಗಣಿ:
ರಂಗಹುಚ್ಚ ಸಾರ್, ತುಂಬಾ ಏರಿಸ್ತಿದೀರ :) 1993ರ ಸೂಪರ್ ಮಾರಿಯೋ ಬ್ರದರ್ಸಲ್ಲಿ ಲೀನಾ ಅಂತ ವಿಲನ್ ಜೊತೆಗಾರ್ತಿ ಇವ್ರೇ, ಅದನ್ನ ಯಾಕೆ ಮುಚ್ಚಿಟ್ರಿ? ಥ್ರೀ ಮೆನ್ ಅಂಡ್ ಎ ಲಿಟಲ್ ಲೇಡಿನೂ ಇದೆ. ನಾಟಕ ಅಂದ ತಕ್ಷಣ ಎಲ್ಲಾ ಗೆದ್ದಿದೆ ಅಂತಾನೂ ಇಲ್ಲ. 2013ರಲ್ಲಿ ಬ್ರಾಡ್‌ವೇನಲ್ಲಿ ದಿ ಟೆಸ್ಟಮೆಂಟ್ ಆಫ್ ಮೇರಿ, ಒಬ್ರೇ ಏಸುವಿನ ತಾಯಿಯಾಗಿ ಮಾಡಿದ್ದು, ಶುರುವಲ್ಲಿ ಸ್ಟೇಜ್ ಮೇಲೆ ಜೀವಂತ ರಣಹದ್ದು, ಹೊರಗಡೆ ಪ್ರತಿಭಟನೆ. ಬೆಸ್ಟ್ ಪ್ಲೇಗೆ ಟೋನಿ ನಾಮಿನೇಷನ್ ಬಂದ್ರೂ ಓಪನಿಂಗ್ ಆಗಿ ಎರಡು ವಾರದಲ್ಲೇ ಎತ್ತಂಗಡಿ.

ರಂಗಹುಚ್ಚ:
ಮುಚ್ಚಿಡೋದೇನಿದೆ, ಮಾರಿಯೋ ದುಡ್ಡಲ್ಲಿ ಮನೆ ಬಾಡಿಗೆ ಕಟ್ಟಿರ್ತಾರೆ ಬಿಡಿ ಗಣಿ. ಗುಬ್ಬಿಗೂಡು ಅವರೇ, ಅರವತ್ತರ ಹತ್ರ ಬರೋ ತನಕ ಯಾಕೆ ಅಂತ ನೀವು ಕೇಳಿದ ಪ್ರಶ್ನೆಗೆ: ಫ್ಲೀಬ್ಯಾಗೂ ಕಿಲ್ಲಿಂಗ್ ಈವ್ ಮೊದಲ ಸೀಸನೂ ಫೀಬಿ ವಾಲರ್ ಬ್ರಿಜ್ ಅನ್ನೋ ಬರಹಗಾರ್ತಿ ಕೈಯಿಂದ ಬಂದಿದ್ದು. ಬೇರೆಯವರು ಬೈಯೋ ಅತ್ತೆನೋ ದೊಡ್ಡಮ್ಮನೋ ಕೊಡ್ತಿದ್ದಾಗ ಆಯಮ್ಮ ಬುದ್ಧಿ ಇರೋ, ಒಳಗೊಂದು ಹೊರಗೊಂದು ಇರೋ ಪಾತ್ರ ಬರೆದ್ರು. ಕ್ಯಾರೊಲಿನ್ ಪಾತ್ರಕ್ಕೆ 2019ರಲ್ಲಿ ಬ್ರಿಟನ್ನಿನ ಬಾಫ್ಟಾ ಅವಾರ್ಡು ಬಂತು, ಅದೇ ವರ್ಷ ಎರಡೂ ಸೀರೀಸಿಗೆ ಒಂದೊಂದು ಎಮ್ಮಿ, ಅಂದ್ರೆ ಅಮೆರಿಕದ ಟಿವಿ ಅವಾರ್ಡು, ನಾಮಿನೇಷನ್. ವಯಸ್ಸಾದ್ಮೇಲೆ ಆ್ಯಕ್ಟಿಂಗ್ ಕಲಿತಿದ್ದಲ್ಲ, ಟಿವಿಯೋರು ಬರೆಯೋದು ಕಲಿತಿದ್ದು.

ಗುಬ್ಬಿಗೂಡು:
ಅಯ್ಯೋ ಇಷ್ಟೆಲ್ಲಾ ಇದ್ಯಾ. ಹಳೇದು ಏನಾದ್ರೂ ವಿಡಿಯೋ ಆಗಿರೋದು ಇದ್ರೆ ಹೇಳಿ, ಎಲ್ಲಿಂದ ಶುರು ಮಾಡ್ಲಿ?

ಡಬ್ಲಿನ್ ಕನ್ನಡತಿ:
ಎರಡನೇ ರಿಚರ್ಡ್‌ನ ಆಮೇಲೆ ಟಿವಿಗೆ ಶೂಟ್ ಮಾಡಿದ್ರು, ಸಿಕ್ಕಿದ್ರೆ ಬಿಡ್ಬೇಡಿ. ಶೇಕ್ಸ್‌ಪಿಯರ್ ತಲೆನೋವು ಅಂದ್ರೆ 1995ರ ಪರ್ಸುಯೇಷನ್ ಸಿನಿಮಾ ನೋಡಿ, ಅಡ್ಮಿರಲ್ ಹೆಂಡತಿ ಮಿಸೆಸ್ ಕ್ರಾಫ್ಟ್. ಇರೋದು ಸ್ವಲ್ಪಾನೇ ಹೊತ್ತು. ಮೈ ಲೆಫ್ಟ್ ಫುಟ್ ನೋಡಿರ್ತೀರಲ್ಲ, ಅದ್ರಲ್ಲಿ ಡಾಕ್ಟರ್ ಐಲೀನ್ ಕೋಲ್ ಕೂಡ ಇವ್ರೇ.

ಗುಬ್ಬಿಗೂಡು:
ಅದೂ ಇವ್ರೇನಾ!! ಸರಿ ಇವತ್ತು ರಾತ್ರಿ ಅದೇ ಮೊದ್ಲು.