ಮಗನ ಹಿಮ್ಮಡಿ ನೋವು: ಆಟ ನಿಲ್ಲಿಸಬೇಕಾ?

ಕೇಳಿದ್ದು: ಮಗನಿಗೆ 11 ವರ್ಷ, ಫುಟ್‌ಬಾಲ್ ಆಡುತ್ತಾನೆ. ಆಡಿ ಬಂದಾಗಲೆಲ್ಲ ಹಿಮ್ಮಡಿ ನೋವು ಅಂತಾನೆ. ಬಿದ್ದಿಲ್ಲ, ಉಳುಕಿಲ್ಲ. ಕೋಚ್ ಮಾತ್ರ "ಬೆಳೆಯೋ ವಯಸ್ಸಿನ ನೋವು, ಆಡ್ತಾ ಆಡ್ತಾ ಹೋಗುತ್ತೆ" ಅಂತಾರೆ. ಆಟ ನಿಲ್ಲಿಸಬೇಕಾ? ಅನುಭವ ಇದ್ದವರು ಹೇಳಿ.

ಓಟಗಾರ್ತಿಯ ಅಮ್ಮ: ನಮ್ಮ ಮಗಳಿಗೂ ಇದೇ ಆಗಿತ್ತು. ಬೆಳಿಗ್ಗೆ ಎದ್ದರೆ ಹಿಮ್ಮಡಿ ಊರಲು ಹೆದರಿ ತುದಿಗಾಲಲ್ಲೇ ನಡೆಯುತ್ತಿದ್ದಳು. ಮೂಳೆ ಡಾಕ್ಟರು ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಮೆಲ್ಲಗೆ ಒತ್ತಿದರು, ಅಷ್ಟಕ್ಕೇ ಕಾಲು ಎಳೆದುಕೊಂಡಳು. ಸೆವರ್ಸ್ ಅಂತ ಹೇಳಿದರು. ಸುಮಾರು 8ರಿಂದ 14 ವರ್ಷದ, ಓಡುವ ನೆಗೆಯುವ ಮಕ್ಕಳಲ್ಲಿ ಇದು ಮಾಮೂಲಿಯಂತೆ. ಹಿಮ್ಮಡಿ ಮೂಳೆಯ ಹಿಂಭಾಗ ಈ ವಯಸ್ಸಲ್ಲಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಮಗು ಸರಸರ ಎತ್ತರ ಆಗುವಾಗ ಮೀನಖಂಡ ಬಿಗಿಯಾಗಿ, ಓಡಿದಾಗಲೆಲ್ಲ ಆ ಎಳೆ ಜಾಗವನ್ನೇ ಜಗ್ಗುತ್ತದೆ. ನಿಮ್ಮ ಕೋಚ್ ಹೇಳಿದ್ದು ಅರ್ಧ ನಿಜ. ವಯಸ್ಸಿನ ನೋವು ಹೌದು, ಆದರೆ ನೋವಲ್ಲೇ ಆಡಿಸಿದರೆ ಜಾಸ್ತಿ ಆಗುತ್ತದೆ ಅಷ್ಟೇ.

ನಾವು ಆಟ ಪೂರ್ತಿ ಬಿಡಿಸಲಿಲ್ಲ. ಓಟ ಕಡಿಮೆ ಮಾಡಿ ಈಜಿಗೆ ಕಳಿಸಿದೆವು. ಶೂ ಒಳಗೆ ಹಿಮ್ಮಡಿಗೊಂದು ಮೆತ್ತೆ, ಆಟ ಆದಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ, ಗೋಡೆಗೆ ಕೈಯೂರಿ ಮೀನಖಂಡ ಎಳೆಯುವ ವ್ಯಾಯಾಮ. ಕುಂಟಿದರೆ ಅವತ್ತು ಆಟ ಇಲ್ಲ, ಇದರಲ್ಲಿ ಮಾತ್ರ ರಾಜಿ ಇಲ್ಲ. ತಿಂಗಳುಗಟ್ಟಲೆ ಹೋಗಿ ಬಂದು ಮಾಡಿ, ಕೊನೆಗೆ ತಾನಾಗೇ ಹೋಯಿತು. ಅಂದಹಾಗೆ ಫುಟ್‌ಬಾಲ್ ಸ್ಟಡ್ ಶೂಗಳಲ್ಲಿ ಹಿಮ್ಮಡಿಗೆ ಮೆತ್ತನೆ ಅನ್ನೋದೇ ಇರಲ್ಲ. ಬರೀ ಓಡುವ ದಿನ ಓಟದ ಶೂ ಹಾಕಿಸಿ ನೋಡಿ.

ಫಿಸಿಯೋ ಒಬ್ಬರು: ಬಿದ್ದಿಲ್ಲ ಅಂದಿದ್ದಕ್ಕೆ ಮೇಲಿನದು ಸರಿ. ಬಿದ್ದು ಊದಿಕೊಂಡರೆ ಲೆಕ್ಕವೇ ಬೇರೆ. ಮಕ್ಕಳಲ್ಲಿ ಮೂಳೆಯ ಬೆಳೆಯುವ ಭಾಗ ಕೀಲಿನ ಕಟ್ಟುಗಳಿಗಿಂತ ಮೆದು. ದೊಡ್ಡವರಿಗೆ ಉಳುಕಾಗುವ ಪೆಟ್ಟಿಗೆ ಮಕ್ಕಳಿಗೆ ಮೂಳೆಯೇ ಬಿಡಬಹುದು. ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ತೆಗೆಸಿ. ಸುಮ್ನೆ ನೀವಿಸೋದು, ಜಗ್ಗಿಸೋದು ಬೇಡ.

ಹೈಸ್ಕೂಲ್ ಹುಡುಗನ ಅಪ್ಪ: ಹಿಮ್ಮಡಿ ಅಲ್ಲ, ಮೊಣಕಾಲಿನ ವಿಷಯ. ಆದರೂ ಹೇಳುತ್ತೇನೆ, ಯಾಕಂದ್ರೆ ಯಾರಿಗೂ ಹೊಳೆಯಲ್ಲ. ಮಗ ಮೊಣಕಾಲು ನೋವು ಅಂದ. ಮೊಣಕಾಲಿನ ಎಕ್ಸ್‌ರೇಯಲ್ಲಿ ಏನೂ ಇಲ್ಲ. ನಡೆಯುವಾಗ ಮಾತ್ರ ಆ ಪಾದ ಹೊರಕ್ಕೆ ತಿರುಗುತ್ತಿತ್ತು. ಇನ್ನೊಬ್ಬ ಡಾಕ್ಟರು ಮಲಗಿಸಿ, ತೊಡೆ ಒಳಕ್ಕೆ ತಿರುಗಿಸಲು ನೋಡಿದರು, ಬರಲಿಲ್ಲ. ಸೊಂಟದ ಎಕ್ಸ್‌ರೇ ಬರೆದರು. ತೊಡೆಮೂಳೆಯ ತಲೆ ಸೊಂಟದ ಕೀಲಲ್ಲಿ ಜಾರಿತ್ತು! ಆ ಕ್ಷಣದಿಂದ ಕಾಲೂರಲು ಬಿಡಲಿಲ್ಲ, ಆಪರೇಷನ್ ಮಾಡಿ ಸ್ಕ್ರೂ ಹಾಕಿದರು. ಈಗ ಆರಾಮ. ಹದಿಹರೆಯದವರಿಗೆ ಮೊಣಕಾಲು ನೋವು ಬಂದು ಕುಂಟುತ್ತಿದ್ದರೆ ಸೊಂಟವನ್ನೂ ನೋಡಿ ಅಂತ ಬಾಯಿಬಿಟ್ಟು ಕೇಳಿ.

ಮತ್ತೆ ಓಟಗಾರ್ತಿಯ ಅಮ್ಮ: ನೋವಿನ ಮಾತ್ರೆ ನುಂಗಿಸಿ ಆಡಿಸಬೇಡಿ, ಅಲ್ವಾ? ಮಕ್ಕಳಿಗೆ ಆಸ್ಪಿರಿನ್ ಅಂತೂ ಬೇಡವೇ ಬೇಡ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು ಇದ್ದರೆ, ಇಲ್ಲವೇ ನೋವಿನ ಜೊತೆಗೆ ಜ್ವರ ಇದ್ದರೆ, ಐಸ್ ಇಡುತ್ತಾ ಕೂರದೆ ಡಾಕ್ಟರಿಗೆ ತೋರಿಸಿ.