ನಾಲ್ಕು ತಿಂಗಳ ಗ್ರೇಟ್ ಡೇನ್ ಮರಿಗೆ ಕ್ಯಾಲ್ಸಿಯಂ ಪುಡಿ ಹೆಚ್ಚಿಸಬೇಕೇ?

ಭೀಮನ ಯಜಮಾನ:
ನಮ್ಮ ಭೀಮನಿಗೆ ನಾಲ್ಕು ತಿಂಗಳು ತುಂಬಿತು. ಅವನನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು ನನ್ನ ತೂಕ ಕಳೆದರೆ ಈ ವಾರ 22 ಕಿಲೋ. ಇನ್ನೊಂದು ತಿಂಗಳು ಹೋದರೆ ನನ್ನ ಸೊಂಟ ಒಪ್ಪುವುದಿಲ್ಲ. ಮರಿ ಕೊಟ್ಟವರು, ಇಷ್ಟು ದೊಡ್ಡ ತಳಿಗೆ ಮೂಳೆ ಗಟ್ಟಿಯಾಗಬೇಕು, ದಿನಾ ಎರಡು ಚಮಚ ಕ್ಯಾಲ್ಸಿಯಂ ಪುಡಿ ಹಾಕಿ ಎಂದಿದ್ದರು. ಐದು ವಾರದಿಂದ ಹಾಕುತ್ತಿದ್ದೇನೆ. ಊಟ ದೊಡ್ಡ ತಳಿಯ ಮರಿಗಳಿಗೆಂದೇ ಬರುವ ಒಣ ಆಹಾರ. ಈಗ ಮುಂಗಾಲಿನ ಪಾದಗಳು ಹೊರಕ್ಕೆ ತಿರುಗಿದಂತೆ ಕಾಣುತ್ತಿವೆ. ಪುಡಿ ಹೆಚ್ಚಿಸಲೇ? ಮೀನೆಣ್ಣೆ, ಕೀಲಿಗೆಂದು ಕೊಡುವ ಗ್ಲುಕೋಸಮೈನ್ ಕೂಡ ಶುರು ಮಾಡಲೇ?

ಮೂರನೇ ಡೇನ್:
ಹೆಚ್ಚಿಸುವ ಮಾತು ಹಾಗಿರಲಿ, ಇವತ್ತಿನ ಊಟದಿಂದಲೇ ಆ ಡಬ್ಬಿ ಮುಚ್ಚಿಡಿ. ಎಸೆಯಬೇಡಿ, ವೈದ್ಯರಿಗೆ ತೋರಿಸಬೇಕಾಗುತ್ತದೆ.

ಬೆಳೆದ ನಾಯಿ ಬೇಕಾದಷ್ಟು ಕ್ಯಾಲ್ಸಿಯಂ ಹೀರಿಕೊಂಡು ಉಳಿದದ್ದನ್ನು ಹೊರಹಾಕುತ್ತದೆ. ಎಳೆಯ ಮರಿಯ ಕರುಳಿಗೆ ಆ ಹಿಡಿತವಿಲ್ಲ, ಹೆಚ್ಚು ಹಾಕಿದರೆ ಹೆಚ್ಚೇ ಒಳಗೆ ಹೋಗುತ್ತದೆ. ಆಗ ಮೂಳೆಯ ತುದಿಯಲ್ಲಿ ಬೆಳೆಯುವ ಮೃದು ಭಾಗ ಸರಿಯಾಗಿ ಮೂಳೆಯಾಗದೆ ಕಾಲು ಡೊಂಕಾಗುತ್ತದೆ. 1980ರ ದಶಕದಲ್ಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಇದನ್ನು ಡೇನ್ ಮರಿಗಳಲ್ಲೇ ಪರೀಕ್ಷಿಸಿ ನೋಡಿದ್ದಾರೆ. ನಿಮ್ಮ ಒಣ ಆಹಾರದಲ್ಲಿ ಕ್ಯಾಲ್ಸಿಯಂ, ರಂಜಕ ಲೆಕ್ಕ ಹಾಕಿಯೇ ಬೆರೆಸಿರುತ್ತಾರೆ. ಮೇಲೆ ಎರಡು ಚಮಚ ಸುರಿದರೆ ಆ ಲೆಕ್ಕಕ್ಕೆ ಅರ್ಥವೇ ಉಳಿಯುವುದಿಲ್ಲ.

ನನ್ನ ಮೊದಲ ಡೇನ್‌ಗೆ ನಾನೂ ಇದನ್ನೇ ಮಾಡಿದ್ದೆ. ರಾತ್ರಿ ಅವಳು ಹಜಾರದಲ್ಲಿ ಓಡಾಡುವಾಗ ಉಗುರಿನ ಸದ್ದು ಟಕ್ ಟಕ್ ಟಕ್ ಎಂದು ಮೂರೇ ಕೇಳುತ್ತಿತ್ತು, ನಾಲ್ಕನೆಯದು ಬರುತ್ತಿರಲಿಲ್ಲ. ಕುಂಟುತ್ತಿದ್ದಾಳೆಂದು ನನಗೆ ಮೊದಲು ಗೊತ್ತಾದದ್ದು ಕಿವಿಯಿಂದ.

ಮೀನೆಣ್ಣೆ ಬೇರೆ ಮಾತು. ಕೀಲು ಸವೆದ ವಯಸ್ಸಾದ ನಾಯಿಗಳಿಗೆ ಅದು ಉಪಯೋಗಕ್ಕೆ ಬರುತ್ತದೆ, ಪ್ರಮಾಣ ವೈದ್ಯರು ಹೇಳಲಿ. ಆದರೆ ಕಾಡ್ ಎಂಬ ಮೀನಿನ ಯಕೃತ್ತಿನಿಂದ ತೆಗೆಯುವ ಕಾಡ್ ಲಿವರ್ ಎಣ್ಣೆಯನ್ನು ಮೀನೆಣ್ಣೆ ಎಂದು ತರಬೇಡಿ. ಅದರಲ್ಲಿ ಎ ಮತ್ತು ಡಿ ಜೀವಸತ್ವ ಹೆಚ್ಚು, ಡಿ ಮಿತಿಮೀರಿದರೆ ವಿಷ. ಗ್ಲುಕೋಸಮೈನ್ ಬಗ್ಗೆ ಪುರಾವೆ ತೆಳು. ನಾಲ್ಕು ತಿಂಗಳ ಮರಿಗೆ ಅದರ ಗೊಡವೆ ಬೇಡ.

ಬರ್ನಾರ್ಡ್ ಅಪ್ಪ:
ನನ್ನ ಸೇಂಟ್ ಬರ್ನಾರ್ಡ್‌ಗೆ ಒಂದು ವರ್ಷ ಪುಡಿ ಹಾಕಿದೆ, ಏನೂ ಆಗಲಿಲ್ಲ. ಸುಮ್ಮನೆ ಹೆದರಿಸಬೇಡಿ.

ಮೂರನೇ ಡೇನ್:
ನಿಮ್ಮ ನಾಯಿ ಗಟ್ಟಿ ಪಿಂಡ, ಸಂತೋಷ. ಇವರ ಮರಿಯ ಪಾದ ಆಗಲೇ ತಿರುಗಿದೆಯಲ್ಲ ಸರ್?

ಭೀಮನ ಯಜಮಾನರೇ, ಪೂರಕಗಳಿಗಿಂತ ಮೊದಲು ಕೈಯಿಂದ ಪಕ್ಕೆಲುಬು ಮುಟ್ಟಿ ನೋಡಿ. ಒತ್ತದೆಯೇ ಸಿಗಬೇಕು. ದುಂಡಗಿರುವ ಮರಿ ನೋಡಲು ಚೆನ್ನ, ಕೀಲಿಗೆ ಭಾರ. ಇನ್ನೊಂದು: ಈ ತಳಿಗಳಲ್ಲಿ ಹೊಟ್ಟೆ ಉಬ್ಬಿ ಜಠರವೇ ತಿರುಚಿಕೊಳ್ಳುವುದುಂಟು. ವಾಂತಿ ಮಾಡಲು ಮತ್ತೆ ಮತ್ತೆ ಹೆಣಗುತ್ತದೆ, ಜೊಲ್ಲು ಬಿಟ್ಟು ಬೇರೇನೂ ಬರುವುದಿಲ್ಲ, ಹೊಟ್ಟೆ ಬಿಗಿದಿರುತ್ತದೆ, ಒಂದು ಕಡೆ ನಿಲ್ಲುವುದಿಲ್ಲ. ಆಗ ಬೆಳಗಾಗಲಿ ಎಂದು ಕಾಯಬೇಡಿ, ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವಾಗಲೇ ಜಠರವನ್ನು ಹೊಟ್ಟೆಯ ಗೋಡೆಗೆ ಹೊಲಿಸಬಹುದು. ನನ್ನ ಈಗಿನವನಿಗೆ ಮಾಡಿಸಿದ್ದೇನೆ.

ಭೀಮನ ಯಜಮಾನ:
ಪುಡಿ ನಿಂತು ಆರು ದಿನ. ವೈದ್ಯರು ಎರಡೂ ಮುಂಗಾಲಿನ ಎಕ್ಸ್-ರೇ ತೆಗೆದರು. ಬಾಗು ಇದೆ, ಸ್ವಲ್ಪವೇ, ಮೂರು ವಾರ ಬಿಟ್ಟು ಮತ್ತೆ ನೋಡೋಣ ಎಂದರು. ಡಬ್ಬಿ ತಿರುಗಿಸಿ ಓದಿ, ಚಮಚದ ಅಳತೆ ಕೇಳಿ, ಒಂದು ನಿಟ್ಟುಸಿರು ಬಿಟ್ಟರು. ಅಲ್ಲಿ ನೆಲದಲ್ಲೇ ತಕ್ಕಡಿ ಇದೆ. ಭೀಮ ತಾನೇ ಹತ್ತಿ ನಿಂತ, 23 ಕಿಲೋ.