ಕೋವಿಡ್ ಈಗ ಬರೀ ಫ್ಲೂ ಇದ್ದ ಹಾಗೇನಾ?

ಪ್ರಶ್ನೆ: ಡಾಕ್ಟ್ರೇ, ಅಮ್ಮನಿಗೆ 71 ವರ್ಷ, ಸಕ್ಕರೆ ಕಾಯಿಲೆ ಇದೆ. ಮೂರು ಡೋಸ್ ಕೋವಿಡ್ ಲಸಿಕೆ ಆಗಿ ತುಂಬಾ ದಿನ ಆಯ್ತು. “ಅದೀಗ ಫ್ಲೂ ತರಾನೇ, ಮತ್ತೆ ಸೂಜಿ ಯಾಕೆ?” ಅಂತಾರೆ. ನಿಜಾನಾ?

ಉತ್ತರ (ಶ್ವಾಸಕೋಶ ತಜ್ಞೆ): ಫ್ಲೂ ಹತ್ತಿರಕ್ಕೆ ಇಳಿದಿರೋದು ನಿಜ. ಇಳಿಸಿದ್ದರಲ್ಲಿ ಲಸಿಕೆಯ ಪಾಲು ದೊಡ್ಡದು, ಅದನ್ನ ಅಮ್ಮನಿಗೆ ಹೇಳಿ.

ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಲೆಕ್ಕ ನೋಡಿ. 2020ರಲ್ಲಿ ಕೋವಿಡ್‌ಗೆ ಅಡ್ಮಿಟ್ ಆದ 100 ಜನರಲ್ಲಿ 17ರಿಂದ 21 ಮಂದಿ 30 ದಿನದೊಳಗೆ ತೀರಿಕೊಂಡರು. 2022-23ರ ಚಳಿಗಾಲದಲ್ಲಿ ಅದು ಸುಮಾರು 6. ಫ್ಲೂನಲ್ಲಿ ಸುಮಾರು 4. ಒಮಿಕ್ರಾನ್ ಸ್ವಲ್ಪ ಮೆತ್ತಗಿತ್ತು, ಔಷಧಿಯೂ ಸುಧಾರಿಸಿತ್ತು, ಒಪ್ಪುತ್ತೇನೆ. ಆದರೆ ಲಸಿಕೆ ಹಾಕಿಸದವರಲ್ಲಿ ಕೋವಿಡ್‌ಗೂ ಫ್ಲೂಗೂ ಇರುವ ಈ ಅಂತರ ಜಾಸ್ತಿ ಇತ್ತು, ಬೂಸ್ಟರ್ ಆದವರಲ್ಲಿ ಕಡಿಮೆ.

ಇನ್ನೊಂದು ವಿಷಯ ಜನ ಮರೆಯುತ್ತಾರೆ. ಅದೇ ಆಸ್ಪತ್ರೆಗಳು, ಅದೇ ಚಳಿಗಾಲದ ನಾಲ್ಕು ತಿಂಗಳು: ಕೋವಿಡ್‌ಗೆ ಅಡ್ಮಿಟ್ ಆದವರು 8,996, ಫ್ಲೂಗೆ 2,403. ಒಬ್ಬೊಬ್ಬರಿಗೆ ಅಪಾಯ ಇಳಿದರೂ ಬರುವವರ ಸಂಖ್ಯೆ ದೊಡ್ಡದಾದರೆ ಒಟ್ಟು ಹೊರೆ ಇಳಿಯಲ್ಲ ಅಲ್ವಾ? ಫ್ಲೂಗೆ ಹೆಚ್ಚು ಕಡಿಮೆ ಒಂದು ಕಾಲ ಅಂತ ಇದೆ. ಕೋವಿಡ್ ವರ್ಷದಲ್ಲಿ ಯಾವಾಗ ಬೇಕಾದರೂ ಏರುತ್ತೆ.

ಪ್ರಶ್ನೆ: ಆದ್ರೆ ಲಸಿಕೆ ಆದ ಮೇಲೂ ಅಮ್ಮನಿಗೆ ಕೋವಿಡ್ ಬಂತಲ್ಲ?

ಉತ್ತರ: ಬಂತು, ಆದರೆ ಮನೆಯಲ್ಲೇ ವಾಸಿ ಆಯ್ತಾ? ಮೂಗು ಗಂಟಲಲ್ಲಿ ವೈರಸ್ ತಡೆಯುವ ಆಂಟಿಬಾಡಿಗಳು ಕೆಲವೇ ತಿಂಗಳಲ್ಲಿ ಇಳಿಯುತ್ತವೆ, ವೈರಸ್ಸೂ ವೇಷ ಬದಲಿಸುತ್ತೆ. ಅದಕ್ಕೇ ನೆಗಡಿ, ಜ್ವರ ಬರುತ್ತೆ. ಟಿ ಸೆಲ್ ಅನ್ನುವ ಬಿಳಿ ರಕ್ತಕಣಗಳ ನೆನಪು ಅದಕ್ಕಿಂತ ಗಟ್ಟಿ. ಶ್ವಾಸಕೋಶ ಪೂರ್ತಿ ಕೆಡದ ಹಾಗೆ ನೋಡಿಕೊಳ್ಳೋದರಲ್ಲಿ ಅವುಗಳ ಪಾಲು ದೊಡ್ಡದು. ಲಸಿಕೆ ಬರುವ ಮೊದಲು ನಾನು ನೋಡಿದ ಎಷ್ಟೋ ರೋಗಿಗಳು “ನೀರು ಕೊಡಿ” ಅನ್ನೋಕೂ ನಡುವೆ ಉಸಿರು ತಗೊಳ್ಳುತ್ತಿದ್ದರು. ಅದು ಮರೆಯೋಕೆ ಆಗಲ್ಲ.

ಮತ್ತೆ, ಫ್ಲೂ ಅಂದ್ರೆ ಸುಮ್ನೆ ನೆಗಡಿ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ವರ್ಷಕ್ಕೆ 2.9 ಲಕ್ಷದಿಂದ 6.5 ಲಕ್ಷ ಜನ ಅದರಿಂದ ಬರುವ ಉಸಿರಾಟದ ತೊಂದರೆಯಲ್ಲಿ ಸಾಯುತ್ತಾರೆ. ಅಮ್ಮನ ವಯಸ್ಸು, ಸಕ್ಕರೆ ಕಾಯಿಲೆ ನೋಡಿದರೆ ಕೋವಿಡ್, ಫ್ಲೂ ಎರಡೂ ಲಸಿಕೆ ಬಗ್ಗೆ ಅವರ ಡಾಕ್ಟ್ರನ್ನ ಕೇಳಿ. ಒಂದೇ ದಿನ ಎರಡು ತೋಳಿಗೆ ಹಾಕಿಸಬಹುದು. ಹೋಗುವಾಗ ಹಳೆಯ ಲಸಿಕೆ ಚೀಟಿ ಇಟ್ಟುಕೊಳ್ಳಿ, ಕೊನೆಯ ಡೋಸ್ ಯಾವಾಗ ಆಯ್ತು ಅಂತ ಮೊದಲು ಅದನ್ನೇ ಕೇಳುತ್ತಾರೆ.